ಇಳಿಯದ ಇಳಿಜಾರು

ಮೆಹೆರಾಜ ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತ, "ಸರ್, ಇದನ್ನ ಬಾಯಿಲೆ ಹೇಳಾಕ ಬರೂದಿಲ್ರಿ, ನೀವ ಒಮ್ಮಿ ಇಳಿಸಿ ನೋಡ್ರಿ" ಎಂದಾಗ ಸುಮೇಧ ತಲೆಯೆತ್ತಲಿಲ್ಲ. ಈ ಮಾತು ಎಂದಾದರೊಂದು ದಿನ ಬಂದೇ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಆದರೆ ಹೀಗೆ, ಹೊತ್ತೇರುತ್ತಿರುವ ಬಿಸಿಲಿನಲ್ಲಿ, ಕುಡಿಯುವ ನೀರು ಕೇಳಿದಷ್ಟು ಹಗುರಾಗಿ ಬರುತ್ತದೆ ಎಂದುಕೊಂಡಿರಲಿಲ್ಲ. ಅವನು ಅವಳ ಬೈಕಿನ ಮುಂದಿನ ಗಾಲಿಯ ಬಳಿ ಕುಕ್ಕರುಗಾಲಲ್ಲಿ ಕುಳಿತಿದ್ದ. ಕೈಯಲ್ಲಿದ್ದ ಸಣ್ಣ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿ, ಮತ್ತೆ ತೆಗೆದು, ಗಾಲಿಯನ್ನು ಹಿಡಿದ ಫೋರ್ಕಿನ ಮೇಲೆ ಅಂಟಿದ ಕೆಂಪು ಧೂಳನ್ನು ಬೆರಳಿನಿಂದ ಒರೆಸಿದ. ಟೆಂಪೋಕ್ಕೆ ಒರಗಿ ನಿಂತಿದ್ದ ಅವಳ ಅಪ್ಪ ರಸೂಲಸಾಬ ಒಂದು ಹೆಜ್ಜೆ ಹತ್ತಿರ ಬಂದು, "ಹೌದ್ರಿ ಸಾಹೇಬ್ರ. ನೀವು ಇಳದು ಬಂದು ಬರಾಬರ್ ಐತಿ ಅಂದ್ರ ನನಗೂ ಧೈರ್ಯ. ಆಮ್ಯಾಲ ಆಕಿನ್ನ ಬಿಡೂಣು" ಎಂದ. ಆ ದನಿಯಲ್ಲಿ ಒತ್ತಾಯವಿರಲಿಲ್ಲ, ಬರೀ ನಂಬಿಕೆ. ಸುಮೇಧನಿಗೆ ಒತ್ತಾಯವೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಸವದತ್ತಿ ದಾಟಿ ರಾಮದುರ್ಗದ ಕಡೆ ಹೋಗುವಾಗ ಬಲಕ್ಕೆ ಬಂಡಿಜಾಡು ಹಿಡಿದರೆ ಸಿಗುವ ಬೋಳು ಗುಡ್ಡ ಅದು. ನೆತ್ತಿಯಿಂದ ಒಂದು ಕಾಲುದಾರಿ ತಿರುವು ತೆಗೆದುಕೊಂಡು ಕಣ್ಣಿಗೆ ಮರೆಯಾಗುತ್ತದೆ, ಅಲ್ಲಿಂದ ಕೆಳಕ್ಕೆ ಪೂರ್ತಿ ಕಲ್ಲು. ಬಿರಿದ ಕಲ್ಲು, ಅಲುಗಾಡುವ ಕಲ್ಲು, ನೆಲದಿಂದ ಹಲ್ಲು ಕಿರಿದಂತೆ ಎದ್ದ ಕಲ್ಲು. ಬುಡ ಮುಟ್ಟಿದ ಮೇಲೆ ಬಂಡಿಜಾಡಿನಲ್ಲಿ ಗುಡ್ಡವನ್ನು ಸುತ್ತಿ ಮತ್ತೆ ನೆತ್ತಿಗೆ ಬರಬಹುದು. ಮೆಹೆರಾಜ ಸವದತ್ತಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ರಜೆಯ ದಿನ ಇಲ್ಲಿ ಗಾಡಿ ಹೊಡೆಯುತ್ತಾಳೆ. ಮುಂದಿನ ತಿಂಗಳು ಅವಳು ಮೊದಲ ಸಲ ಬೈಕ್ ರ‍್ಯಾಲಿಗೆ ಹೋಗುವವಳು, ಅಲ್ಲಿ ಇಂಥದೇ ಕಲ್ಲಿನ ಇಳಿಜಾರುಗಳಿವೆಯಂತೆ. ಅದಕ್ಕೇ ಬೈಲಹೊಂಗಲದಿಂದ, ಗಾಡಿಯ ಫೋರ್ಕು ಸ್ಪ್ರಿಂಗು ಹೊಂದಿಸುವ ಮೆಕ್ಯಾನಿಕ್ ಸುಮೇಧನನ್ನು ಕರೆಸಿದ್ದಳು. ಬೆಳಿಗ್ಗೆ ಬಂದವನೇ ಅವಳನ್ನು ಗಾಡಿಯ ಮೇಲೆ ಕೂರಿಸಿ, ರಸೂಲಸಾಬನ ಕೈಗೆ ಹ್ಯಾಂಡಲ್ ಕೊಟ್ಟು, ಅವಳ ಭಾರಕ್ಕೆ ಹಿಂಬದಿ ಎಷ್ಟು ಕುಸಿಯುತ್ತದೆ ಎಂದು ಟೇಪು ಹಿಡಿದು ಅಳೆದಿದ್ದ. ಸ್ಪ್ರಿಂಗನ್ನು ಅದಕ್ಕೆ ಸರಿಯಾಗಿ ಬಿಗಿದಿದ್ದ. ಮುಂದಿನ ಫೋರ್ಕಿಗೆ ಎರಡು ತಿರುಪುಗಳು. ಕಲ್ಲು ಬಡಿದಾಗ ಅದು ಎಷ್ಟು ಮೆತ್ತಗೆ ಕುಸಿಯಬೇಕು ಎಂಬುದಕ್ಕೆ ಒಂದು, ಕುಸಿದದ್ದು ಎಷ್ಟು ಬೇಗ ಮೇಲೆ ಬರಬೇಕು ಎಂಬುದಕ್ಕೆ ಇನ್ನೊಂದು. ಮೊದಲನೆಯದನ್ನು ಸಡಿಲಿಸಿದ ಮೇಲೆ ನೆತ್ತಿಯ ಸಣ್ಣ ಕಲ್ಲುಗಳ ಮೇಲೆ ಗಾಡಿ ಸರಿಹೋಯಿತು. "ಇಲ್ಲಿ ಛಲೋ ಹೋಗತೈತ್ರಿ. ಆದ್ರ ಆ ಇಳಿಜಾರಿನ್ಯಾಗ ಕಲ್ಲಿನ ಮ್ಯಾಲ ಕಲ್ಲು ಬಂದಾಗ ಹ್ಯಾಂಡಲ್ ಕೈಯಾಗಿಂದ ಕಸಗೊಂಡಂಗ ಆಗತೈತಿ. ಗಾಡೀದ ತಪ್ಪೋ ನಂದೋ ತಿಳೀವಲ್ದು" ಎಂದು ಅವಳು ಹೇಳಿದ್ದು ಆಮೇಲೆ, ಅದರ ಬೆನ್ನಿಗೇ ಇಳಿಸಿ ನೋಡ್ರಿ ಎಂಬ ಈ ಮಾತು.

ಅವನು ಎದ್ದು ಟೆಂಪೋದಿಂದ ತನ್ನ ಹೆಲ್ಮೆಟ್ ತಂದ. ಅದರ ಬಲಗೆನ್ನೆಯ ಮೇಲೆ ಉದ್ದಕ್ಕೆ ಗೀರಿದ ಗಾಯವಿತ್ತು. ವರ್ಕ್‌ಶಾಪಿಗೆ ಬರುವ ಹುಡುಗರು ಆ ಗೀರನ್ನು ಗೌರವದಿಂದ ನೋಡುತ್ತಿದ್ದರು. ಬೆಳಗಾವಿ, ಹುಬ್ಬಳ್ಳಿ, ಅಷ್ಟೇಕೆ ಗೋವಾದಿಂದಲೂ ಅವನಲ್ಲಿಗೆ ಗಾಡಿ ತರುತ್ತಾರೆ. ಅವನು ಫೋರ್ಕ್ ಬಿಚ್ಚಿ, ಎಣ್ಣೆ ಬದಲಿಸಿ, ಮತ್ತೆ ಜೋಡಿಸಿ, ಅಂಗಳದಲ್ಲಿ ನಿಂತು ಎರಡೂ ಕೈಯಿಂದ ಹ್ಯಾಂಡಲ್ಲನ್ನು ಒತ್ತಿ, ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲುತ್ತಾನೆ. ಆಮೇಲೆ "ಈಗ ಬರಾಬರ್ ಆತು" ಅನ್ನುತ್ತಾನೆ. ಬಹಳ ಸಲ ಅದು ಸರಿಯೇ ಇರುತ್ತದೆ. ಸುಮೇಧ ಕಲ್ಲಿನಲ್ಲಿ ಗಾಡಿ ಹೊಡೆಯುತ್ತಾನೋ ಇಲ್ಲವೋ ಎಂದು ಯಾರೂ ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಅವನೂ ಉತ್ತರ ಕೊಟ್ಟಿರಲಿಲ್ಲ. ಬೆಳಿಗ್ಗೆ ಹೊರಡುವಾಗ ಹೆಂಡತಿ ಹರಿಪ್ರಿಯಾ, "ನೀವೇನು ಗಾಡಿ ಹತ್ತೂದಿಲ್ಲಲ್ಲ?" ಎಂದು ಕೇಳಿದಾಗ, "ನನ್ನ ಕೆಲಸ ಅದಲ್ಲ" ಎಂದು ಸಿಡುಕಿದ್ದ. ಅವಳು ಡಬ್ಬಿಯ ಮುಚ್ಚಳ ಒತ್ತುತ್ತ ಅವನ ಮುಖ ನೋಡಿದ್ದಳು. ಅವಳಿಗೆ ಎಲ್ಲ ಗೊತ್ತಿದೆಯೇನೋ ಎಂಬ ಸಂಶಯ ಅವನನ್ನು ಯರಗಟ್ಟಿಯವರೆಗೂ ಕಾಡಿತ್ತು.

ಅವನು ಹತ್ತಿ ಕೂತ ಗಾಡಿ ತಿರುವಿನ ತನಕ ತಾನಾಗಿಯೇ ಹೋದಂತೆ ಹೋಯಿತು. ತಿರುವು ಮುಗಿದು ಬೆನ್ನ ಹಿಂದೆ ಅಪ್ಪ ಮಗಳು ಮರೆಯಾದದ್ದೇ ತಡ, ಅವನ ಎಡಗಾಲು ನೆಲಕ್ಕೆ ಊರಿತು. ಕೆಳಗೆ ಇಳಿಜಾರು. ಅದು ಅಷ್ಟೇನೂ ಕಡಿದಾಗಿರಲಿಲ್ಲ, ಅದನ್ನೂ ಅವನ ಕಣ್ಣು ಕಂಡಿತು. ಕುರಿಗಳು ಇಳಿಯುವ ದಾರಿ, ಕುರಿ ಹಿಕ್ಕೆಗಳೂ ಬಿದ್ದಿವೆ. ಆದರೆ ಮಧ್ಯದಲ್ಲಿ ಮೊಣಕಾಲೆತ್ತರದ ಒಂದು ಹಾಸುಗಲ್ಲು ಮೆಟ್ಟಿಲಿನಂತೆ ಮುರಿದಿತ್ತು, ಅದರ ಕೆಳಗೆ ಒಂದರ ಹಿಂದೊಂದು ಗುಂಡುಗಲ್ಲುಗಳು. ಆ ಮೆಟ್ಟಿಲನ್ನು ನೋಡಿದ ಕೂಡಲೇ ಅವನು ಬ್ರೇಕನ್ನು ಒತ್ತಿ ಹಿಡಿದ. ಅವನು ಎಂಜಿನ್ ಆರಿಸಲಿಲ್ಲ, ಆರಿಸಿದರೆ ಮೇಲಿನವರಿಗೆ ತಿಳಿಯುತ್ತದೆ. ವರ್ಷಗಳ ಹಿಂದೆ ಅವನು ಬಿದ್ದ ದೇಗಾಂವದ ಆಚೆಯ ಗುಡ್ಡದಲ್ಲೂ ಇಷ್ಟೇ ಎತ್ತರದ ಮೆಟ್ಟಿಲಿತ್ತು. ಮುಂದಿನ ಗಾಲಿ ಇಳಿದು ಅಲ್ಲೇ ಹೂತುಕೊಂಡಿತು, ಹಿಂದಿನದು ಅವನ ತಲೆಯ ಮೇಲೆ ಬಂತು. ಗಾಡಿ ಎದೆಯ ಮೇಲೆ, ಬಿಸಿ ಸೈಲೆನ್ಸರ್ ಪಿಂಡಿಯ ಮೇಲೆ, ತೆಗೆಯಲು ಆಗದೆ ಅವನು "ಅವ್ವಾ, ಅವ್ವಾ" ಎಂದು ಚೀರುತ್ತಲೇ ಇದ್ದ. ದಾರಿಯಲ್ಲಿ ಜೊತೆಯಾದ, ಅವನ ಹೆಸರೂ ಗೊತ್ತಿಲ್ಲದವರಲ್ಲಿ ಒಬ್ಬ ಅದನ್ನು ಫೋನಿನಲ್ಲಿ ಹಿಡಿದ. ವಿಡಿಯೋ ಊರೂರು ತಿರುಗಿತು. ಹೆಲ್ಮೆಟ್ ಇದ್ದದ್ದರಿಂದ ಮುಖ ಕಾಣುತ್ತಿರಲಿಲ್ಲ. ಒಂದು ದಿನ ಸಿದ್ದರಾಮ ಎಂಬ ಗಿರಾಕಿ ಅದನ್ನು ವರ್ಕ್‌ಶಾಪಿನಲ್ಲೇ ತೆರೆದು, "ಸರ್, ಈ ಮಗಾ ನೋಡ್ರಿ, ಹೆಂಗ ಅವ್ವನ್ನ ಕರ್ಯಾಕತ್ತಾನ" ಎಂದು ತೋರಿಸಿದ. ಸುಮೇಧ ನಕ್ಕ. ಸಿದ್ದರಾಮನಿಗಿಂತ ಜೋರಾಗಿ ನಕ್ಕ. ಇನ್ನೊಮ್ಮೆ ಹಾಕು ಎಂದೂ ಹೇಳಿದ. ಬಿದ್ದ ನೋವು ತಿಂಗಳೊಪ್ಪತ್ತಿನಲ್ಲಿ ಹೋಯಿತು, ಆ ನಗು ಹೋಗಲಿಲ್ಲ. ತನ್ನ ಬಾಯಿಂದ ಬಂದ ಆ ಸದ್ದು ನೆನಪಾದಾಗಲೆಲ್ಲ, ಯಾರೋ ತನ್ನ ಅಂಗಿ ಹಾಕಿಕೊಂಡು ತನ್ನ ಮನೆಯಲ್ಲಿ ಓಡಾಡಿದಂತೆ ಅವನಿಗೆ ಹೇಸಿಗೆಯಾಗುತ್ತಿತ್ತು.

ಎಡಗಡೆ ಕುರುಚಲು ಗಿಡಗಳ ನಡುವೆ ಒಂದು ಕುರಿದಾರಿ ಬಂಡಿಜಾಡಿಗೆ ಸೇರುತ್ತಿತ್ತು. ಅವನು ಅದನ್ನು ಹುಡುಕಲಿಲ್ಲ, ಅದೇ ಅವನ ಕಣ್ಣಿಗೆ ಬಿತ್ತು. ಹ್ಯಾಂಡಲ್ ತಿರುಗಿಸುವಾಗ, ಇದೀಗ ಹಿಂದಕ್ಕೆ ಹೋಗಿ 'ನನಗೆ ಆಗೂದಿಲ್ಲ' ಎಂದುಬಿಟ್ಟರೆ ಏನಾದೀತು ಎಂಬ ಯೋಚನೆ ಬಂದು, ಬಂದಷ್ಟೇ ಬೇಗ ಹೋಯಿತು. ಕುರಿದಾರಿಯಲ್ಲಿ ಮೆಲ್ಲಗೆ, ಎರಡೂ ಕಾಲು ನೆಲಕ್ಕೆ ಎಳೆಯುತ್ತ, ಸೈಕಲ್ ಕಲಿಯುವವನಂತೆ ಹೋದ. ಬಂಡಿಜಾಡಿಗೆ ಬಿದ್ದ ಮೇಲೆ ಒಂದು ಕಡೆ ನಿಂತು ಹೊತ್ತು ಕಳೆದ. ಒಂದು ಟಿಟ್ಟಿಭ ಹಕ್ಕಿ ಅವನ ಮೇಲೆ ಸುತ್ತುಹಾಕಿ ಕೂಗುತ್ತಲೇ ಇತ್ತು. ಹೊರಡುವ ಮೊದಲು ಮೂರು ನಾಲ್ಕು ಸಲ ಜೋರಾಗಿ ಉಸಿರೆಳೆದು ಬಿಟ್ಟು ಏದುಸಿರು ತಂದುಕೊಂಡ.

"ಬರಾಬರ್ ಅದ" ಎಂದ, ನೆತ್ತಿಗೆ ಬಂದು ಹೆಲ್ಮೆಟ್ ತೆಗೆಯುತ್ತ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಮೆಹೆರಾಜ ಅವನನ್ನೇ ನೋಡುತ್ತಿದ್ದಳು, ಆ ನೋಟ ಇನ್ನಷ್ಟು ಕೇಳುತ್ತಿತ್ತು. "ಆ ಮೆಟ್ಲ ಅದಲ್ಲ, ಅಲ್ಲೆ ಸ್ವಲ್ಪ ಬಲಕ್ಕ ಇರು. ಕೈ ಬಿಗಿ ಹಿಡೀಬ್ಯಾಡ. ಫೋರ್ಕ್ ತಾನ ಸಂಭಾಳಿಸ್ತದ." ಇಳಿಯದ ದಾರಿಯ ಬಲ ಎಡಗಳನ್ನು ಹೇಳುತ್ತಿರುವ ತನ್ನ ದನಿಯನ್ನು ಅವನು ದೂರದಿಂದ ಕೇಳಿಸಿಕೊಂಡ. ರಸೂಲಸಾಬ ಎರಡೂ ಕೈಯೆತ್ತಿ ಮುಖ ಸವರಿಕೊಂಡು, "ಹೋಗ ಬೇಟಾ" ಎಂದ. ಗಾಡಿ ತಿರುವಿನಲ್ಲಿ ಮರೆಯಾಯಿತು.

ಆಗ ಅವನಿಗೆ ನಿಜವಾದ ಭಯ ಹಿಡಿಯಿತು. ಇದುವರೆಗಿನದು ತನ್ನ ಮೈಯ ಭಯ, ಅದರ ಮೂಲೆಮೂಲೆ ಪರಿಚಯವಿತ್ತು. ಇದಕ್ಕೆ ಗುರುತಿಲ್ಲ. ಬಲಕ್ಕ ಇರು ಎಂದೆ, ಬಲಕ್ಕೆ ಏನಿದೆ? ಬಲಕ್ಕೆ ಹಾಸುಗಲ್ಲು ಇನ್ನೂ ಎತ್ತರವಿತ್ತೇನೋ. ತಾನು ಅದನ್ನು ನೋಡಿದ್ದು ಎಲ್ಲಿ, ಕಣ್ಣೆಲ್ಲ ಎಡಗಡೆಯ ಕುರಿದಾರಿಯ ಮೇಲೆ. ರಸೂಲಸಾಬ ಟೆಂಪೋದ ಗಾಲಿಗೆ ಅಡ್ಡಗಲ್ಲು ಇಡುತ್ತ, ಮಗಳು ಸಣ್ಣವಳಿದ್ದಾಗ ಟೆಂಪೋದಲ್ಲಿ ಉಳ್ಳಾಗಡ್ಡಿ ಚೀಲಗಳ ಮೇಲೆ ಕೂತು ನೇಸರಗಿಯವರೆಗೂ ಬರುತ್ತಿದ್ದಳೆಂದೂ, ದಾರಿಯ ಕುಣಿಗಳಿಗೆ ಒಂದೊಂದು ಹೆಸರಿಟ್ಟಿದ್ದಳೆಂದೂ ಹೇಳುತ್ತಿದ್ದ. ಸುಮೇಧ ಹೂಂ ಅನ್ನುತ್ತಿದ್ದ. ಕಿವಿ ಎಂಜಿನ್ನಿನ ಸದ್ದಿಗೆ ಅಂಟಿಕೊಂಡಿತ್ತು. ಸದ್ದು ಇಳಿಯಿತು, ಗುರುಗುಟ್ಟಿತು, ಆಮೇಲೆ ನಿಂತಿತು.

ಏನೂ ಕೇಳಿಸಲಿಲ್ಲ. ಬಿದ್ದ ಸದ್ದಿಲ್ಲ, ಕೂಗಿಲ್ಲ. ರಸೂಲಸಾಬನ ಮಾತು ಅರ್ಧಕ್ಕೇ ನಿಂತಿತು. "ನೀವು ಓಡ್ರಿ, ನನ್ನ ಮೊಣಕಾಲ ನಡಿಯೂದಿಲ್ಲ" ಎಂದು ಅವನು ಹೇಳುವಷ್ಟರಲ್ಲಿ ಸುಮೇಧ ಓಡುತ್ತಿದ್ದ. ತಿರುವಿನವರೆಗಿನ ದಾರಿಯಲ್ಲಿ ಅವನು ಮೆಹೆರಾಜಳನ್ನು ಎಷ್ಟು ಥರ ನೋಡಿದ. ಕುತ್ತಿಗೆ ತಿರುಗಿದವಳು, ಗಾಡಿಯ ಕೆಳಗಿನವಳು, ಕಣ್ಣು ತೆರೆದುಕೊಂಡೇ ಇದ್ದವಳು. ಅದರ ನಡುವೆಯೇ, ಅವಳು ಸತ್ತಿದ್ದರೆ ತಾನು ಇಳಿಯಲಿಲ್ಲವೆಂಬುದು ಯಾರಿಗೂ ಗೊತ್ತಾಗುವುದಿಲ್ಲ ಎಂಬ ಮಾತು ಮನಸ್ಸಿನಲ್ಲಿ ತಣ್ಣಗೆ ಹಾದುಹೋಯಿತು. ಅದನ್ನು ಹೇಳಿದ್ದು ತಾನೇ ಎಂದು ತಿಳಿದು ಅವನು ಇನ್ನೂ ಜೋರಾಗಿ ಓಡಿದ.

ತಿರುವಿನ ಆಚೆ, ಇಳಿಜಾರಿನ ತಲೆಯಲ್ಲಿ, ಅವಳು ಗಾಡಿ ಸ್ಟ್ಯಾಂಡಿಗೆ ಹಾಕಿ ಒಂದು ಕಲ್ಲಿನ ಮೇಲೆ ಕುಳಿತಿದ್ದಳು. ಹೆಲ್ಮೆಟ್ ತೊಡೆಯ ಮೇಲಿತ್ತು.

"ಏನಾತು?"

"ಏನಿಲ್ರಿ." ಅವಳು ಬೂಟಿನ ತುದಿಯಿಂದ ನೆಲ ತೋರಿಸಿದಳು. "ನಿಮ್ಮ ಗಾಲಿ ಗುರುತು ಇಲ್ಲೀತನಕ ಬಂದೈತಿ. ಇಲ್ಲೆ ಕಾಲ ಊರೀರಿ. ಆಮ್ಯಾಲ ಹಿಂಗ ಎಡಕ್ಕ ಹೋಗೈತಿ."

ಧೂಳಿನಲ್ಲಿ ಟೈರಿನ ಅಚ್ಚು ಸ್ಪಷ್ಟವಾಗಿತ್ತು. ಅದರ ಎರಡೂ ಪಕ್ಕ ಅವನು ಕಾಲೆಳೆದ ಗೆರೆಗಳು. ಅವನು ಆ ಗೆರೆಗಳನ್ನು ನೋಡುತ್ತ ನಿಂತ. ಮೇಲಿನಿಂದ ರಸೂಲಸಾಬ ಕೂಗಿದ. ಮೆಹೆರಾಜ ಎದ್ದು, "ಏನೂ ಆಗಿಲ್ಲ ಅಬ್ಬಾ, ಸುಮ್ನ ನಿಂತೇನಿ" ಎಂದು ಕೂಗಿ ಹೇಳಿ ಮತ್ತೆ ಕುಳಿತಳು.

"ಬಲಕ್ಕ ಇರು ಅಂದ್ರಲ್ಲ, ಬಲಕ್ಕ ಏನೈತಿ ನೋಡ್ರಿ."

ನೋಡಿದ. ಬಲಕ್ಕೆ ಹಾಸುಗಲ್ಲಿನ ಕೆಳಗೆ ನೀರು ಕೊರೆದ ಕೊರಕಲು, ಗಾಲಿ ಸಿಕ್ಕಿದರೆ ಹೊರಗೆ ಬಾರದಷ್ಟು ಇಕ್ಕಟ್ಟಿನದು. ಅವನಿಗೆ ಕುಳಿತುಕೊಳ್ಳಬೇಕು ಅನ್ನಿಸಿತು, ಕುಳಿತುಕೊಳ್ಳುವ ಹಕ್ಕಿಲ್ಲ ಎಂದೂ ಅನ್ನಿಸಿತು. "ನನಗ ಅಂಜಿಕಿ ಬರತದ" ಎಂದ. "ಒಮ್ಮೆ ಬಿದ್ದಿದ್ದೆ. ಅವತ್ತಿಂದ ಕಲ್ಲಿನ್ಯಾಗ ಗಾಡಿ ಹೊಡದಿಲ್ಲ." ಇಷ್ಟು ವರ್ಷ ಬಾಯಲ್ಲಿ ಇಟ್ಟುಕೊಂಡದ್ದು ಹೊರಗೆ ಬಂದಾಗ ಅಷ್ಟೇನೂ ದೊಡ್ಡದಿರಲಿಲ್ಲ. ಗಾಳಿಯಲ್ಲಿ ಹೋಯಿತು.

ಅವಳು ಸಮಾಧಾನ ಹೇಳಲಿಲ್ಲ. "ನನಗೂ ಬರತೈತ್ರಿ. ಇಲ್ಲಿಗೆ ಬಂದಕೂಡ್ಲೆ ಕೈ ಕಟ್ಟಿಗ್ಯಾಗಿಬಿಡತಾವ. ಅದಕ್ಕ ಕೇಳಿದ್ದು ನಿಮ್ಮನ್ನ, ತಪ್ಪು ಗಾಡೀದೋ ನಂದೋ ಅಂತ. ನೀವು ಆಗೂದಿಲ್ಲ ಅಂದಿದ್ರ ನನಗ ಏನೋ ಒಂದ ತಿಳೀತಿತ್ತು. ಬರಾಬರ್ ಐತಿ ಅಂದ್ರಿ. ಅಂದ್ರ ಹೆದರಪುಕ್ಕಿ ನಾನ ಒಬ್ಬಾಕಿ ಅಂತ ಆತಲ್ಲ." ಅವಳ ದನಿ ಏರಲಿಲ್ಲ. ಏರದ್ದರಿಂದಲೇ ಅದು ತಾಗಿತು. ಹೆಲ್ಮೆಟ್ ಹಾಕಿಕೊಳ್ಳುತ್ತ ಅವಳೇ ಹೇಳಿದಳು: "ಹೋಗಿ ಆ ಮೆಟ್ಲ ಕೆಳಗ ನಿಂದರ್ರಿ. ನಾ ಬರತೇನಿ. ಫೋರ್ಕ್ ಏನ್ ಮಾಡತೈತಿ, ನೋಡಿ ಹೇಳ್ರಿ. ಅಬ್ಬಾಗ ಈಗ ಹೇಳಬ್ಯಾಡ್ರಿ, ಹೇಳಿದ್ರ ನನ್ನ ಬಿಡೂದಿಲ್ಲ."

ಅವನು ಕೈಕಾಲೂರಿ ಇಳಿದು ಗುಂಡುಗಲ್ಲುಗಳ ಪಕ್ಕ ನಿಂತ. ಕೆಳಗಿನಿಂದ ನೋಡಿದರೆ ಇಳಿಜಾರು ಬೇರೆಯೇ ಆಗಿತ್ತು, ಇಡೀ ಗುಡ್ಡ ತನ್ನ ಕಡೆಗೆ ವಾಲಿದಂತೆ. ಎಂಜಿನ್ ಗರ್ಜಿಸಿತು. ಕೆಂಪು ಗಾಡಿ ಅಂಚಿನ ಮೇಲೆ ಕಾಣಿಸಿತು, ಮೊದಲು ಗಾಲಿ, ಆಮೇಲೆ ಅವಳ ಹೆಲ್ಮೆಟ್. ಕಲ್ಲುಗಳು ಉರುಳಿ ಬಂದವು, ಒಂದು ಅವನ ಕಣಕಾಲಿಗೆ ಬಡಿಯಿತು. ಗಾಲಿ ಮೆಟ್ಟಿಲಿನ ತುದಿ ಮುಟ್ಟಿತು. ಆಮೇಲೆ ಧಡ್, ಧಡ್ ಧಡ್, ಎಂದು ಪಕ್ಕದಲ್ಲೇ ಹಾದುಹೋದ ಸದ್ದು, ಬಿಸಿ ಗಾಳಿ, ಪೆಟ್ರೋಲಿನ ವಾಸನೆ. ಕೆಳಗೆ ಗಾಡಿ ನಿಂತ ಸದ್ದು ಕೇಳಿ ಅವನು ಕಣ್ಣು ತೆರೆದ. ಅವು ಯಾವಾಗ ಮುಚ್ಚಿದವೋ ಗೊತ್ತಿರಲಿಲ್ಲ.

ಅವಳು ಒಂದು ಕಾಲು ಊರಿ ಹಿಂತಿರುಗಿ ನೋಡಿ, "ಬೀಳಾಕಿದ್ದೆ. ನೋಡಿದ್ರಿಲ್ಲ, ಎಲ್ಲಿ ಕಸಗೊಂಡತು ಅಂತ?" ಎಂದಳು.

ನೋಡಿದೆ ಎಂಬ ಮಾತು ಆಗಲೇ ತುಟಿಯ ಮೇಲಿತ್ತು. ಅದನ್ನು ನುಂಗುವುದು ಊಟದಲ್ಲಿ ಸಿಕ್ಕ ಹರಳು ನುಂಗಿದಂತಾಯಿತು. "ಇಲ್ಲ. ಕಣ್ಣ ಮುಚ್ಚಿದ್ದೆ."

ಅವಳು ಗಾಡಿ ತಿರುಗಿಸಿದಳು. "ಹಂಗಾರ ಇನ್ನೊಮ್ಮಿ ಬರತೇನಿ. ಕಣ್ಣ ತಗದಿರ್ರಿ" ಎಂದು ಬಂಡಿಜಾಡು ಹಿಡಿದು ಹೋದಳು.

ಅವಳು ಸುತ್ತಿ ಬರುವವರೆಗೆ ಅವನು ಒಬ್ಬನೇ ನಿಂತಿದ್ದ. ಪುರೋಹಿತರಾಗಿದ್ದ ಅವನ ಅಪ್ಪ ದಿಗಂಬರಭಟ್ಟರು ಕೊನೆಕೊನೆಗೆ ಮಂತ್ರ ಮರೆಯುತ್ತಿದ್ದರು. ಮರೆತ ಕಡೆ ದನಿಯನ್ನು ಒಂದಿಷ್ಟು ತಗ್ಗಿಸಿ, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಿದ್ದರು. ಕೂತವರು ಇನ್ನಷ್ಟು ಭಕ್ತಿಯಿಂದ ತಲೆ ಬಾಗಿಸುತ್ತಿದ್ದರು. ಪಕ್ಕದಲ್ಲಿ ಕುಳಿತ ಸುಮೇಧನಿಗೆ ಮಾತ್ರ ಆ ತುಟಿಗಳಲ್ಲಿ ಏನೂ ಇಲ್ಲವೆಂದು ತಿಳಿಯುತ್ತಿತ್ತು, ಅಪ್ಪನ ಕಂಕುಳಲ್ಲಿ ಬೆವರು ಇಳಿಯುವುದು ಕಾಣುತ್ತಿತ್ತು. ಆಗ ಅವನಿಗೆ ಅಪ್ಪನ ಮೇಲೆ ಕೋಪ ಬರುತ್ತಿತ್ತು. ಎಂಥ ಅಂಜಿಕೆಯಲ್ಲಿ ಆ ಮನುಷ್ಯ ಪ್ರತಿದಿನ ಮಣೆಯ ಮೇಲೆ ಕುಳಿತಿರಬೇಕು ಎಂದು ಅವನು ಯೋಚಿಸಿದ್ದು ಈಗ, ಈ ಕಲ್ಲುಗಳ ನಡುವೆ.

ಎರಡನೆಯ ಸಲ ಅವನು ಹುಬ್ಬಿನ ಮೇಲೆ ಬೆರಳಿಟ್ಟು ರೆಪ್ಪೆಗಳನ್ನು ಮೇಲಕ್ಕೆ ಹಿಡಿದ. ಯಾರಾದರೂ ನೋಡಿದ್ದರೆ ನಗುತ್ತಿದ್ದರು. ಗಾಡಿ ಅಂಚಿಗೆ ಬಂತು. ಗಾಲಿ ಮೆಟ್ಟಿಲಿಳಿಯಿತು, ಫೋರ್ಕ್ ಪೂರ್ತಿ ಕುಸಿಯಿತು, ಅಷ್ಟು ಸರಿ. ಅದು ಮೇಲೆ ಬರತೊಡಗಿತು, ನಿಧಾನವಾಗಿ, ಮುದುಕರು ನೆಲದಿಂದ ಏಳುವಂತೆ. ಅರ್ಧ ಎದ್ದಿರಲಿಲ್ಲ, ಮುಂದಿನ ಗುಂಡುಗಲ್ಲು ಬಂತು. ಮತ್ತೆ ಕುಸಿಯಿತು. ಮೂರನೆಯ ಕಲ್ಲಿಗೆ ಕುಸಿಯಲು ಜಾಗವೇ ಉಳಿದಿರಲಿಲ್ಲ, ಗಾಲಿ ಕಲ್ಲಿಗೆ ನೇರ ಬಡಿದು ಹ್ಯಾಂಡಲ್ ಅವಳ ಕೈಯಿಂದ ಕೊಸರಿಕೊಂಡಿತು. ಅವಳ ಮೊಣಕೈಗಳು ಬಿಗಿದು ನಿಂತದ್ದೂ, ಎಡಗಾಲು ಗಾಳಿಗೆ ಬಂದದ್ದೂ, ಹೆಲ್ಮೆಟ್ಟಿನ ಗಾಜಿನ ಹಿಂದೆ ಅವಳ ಕಣ್ಣು ಅಗಲವಾದದ್ದೂ ಅವನಿಗೆ ಒಂದೊಂದೂ ಕಂಡಿತು. ಅವಳು ಹೇಗೋ ದಾಟಿದಳು.

"ತಪ್ಪು ನಿನ್ನ ಕೈದಲ್ಲ" ಎಂದ ಅವನು ಕೆಳಗೆ ಓಡಿಬಂದು. ಏದುಸಿರು ತಾನಾಗಿಯೇ ಬಂದಿತ್ತು. "ಕುಸಿದದ್ದು ಮ್ಯಾಲ ಬರ್ಲಿಕ್ಕೆ ಹೊತ್ತು ಮಾಡ್ಲಿಕ್ಕೆ ಹತ್ತದ. ಬರೂದ್ರಾಗ ಇನ್ನೊಂದು ಕಲ್ಲು. ನಾ ಮೊದಲನೇ ತಿರುಪು ಸಡಲ ಮಾಡಿ, ಎರಡನೇದನ್ನ ಹಂಗ ಬಿಟ್ಟಿದ್ದೆ. ತಪ್ಪು ನಂದ." ಅಲ್ಲೇ ಮೊಣಕಾಲೂರಿ ಎರಡನೆಯ ತಿರುಪನ್ನು ಬಿಚ್ಚುತ್ತ ಬಂದ, ಒಂದೊಂದು ಟಿಕ್ ಸದ್ದಿಗೂ ಅವಳ ಮುಖ ನೋಡುತ್ತ. "ಭಾಳ ಬಿಚ್ಚಿದ್ರ ಗಾಡಿ ಚೆಂಡಿನಂಗ ಜಿಗೀತದ. ಇಷ್ಟು ಸಾಕು ಅನಸ್ತದ. ಖಾತ್ರಿ ಇಲ್ಲ." ಖಾತ್ರಿ ಇಲ್ಲ ಎಂಬ ಮಾತನ್ನು ಅವನು ಯಾವ ಗಿರಾಕಿಗೂ ಹೇಳಿರಲಿಲ್ಲ. ಮೂರನೆಯ ಸಲ ಮೆಹೆರಾಜ ಇಳಿದಳು, ಗಾಲಿ ಒಂದೊಂದು ಕಲ್ಲನ್ನೂ ಮುಟ್ಟಿ ಮುಟ್ಟಿ ಬಂತು. ಅವಳು ಬುಡದಲ್ಲಿ ನಿಂತು ತನ್ನ ಎರಡೂ ಅಂಗೈಗಳನ್ನು ತೆರೆದು ಮುಚ್ಚಿ ನೋಡಿಕೊಂಡಳು.

ನೆತ್ತಿಗೆ ಹತ್ತಿ ಬಂದಾಗ ರಸೂಲಸಾಬ ಟೆಂಪೋದ ಹಲಗೆ ಇಳಿಸಿ, ಹಗ್ಗ ಬಿಚ್ಚಿಟ್ಟಿದ್ದ. ಮುಖ ಅರಳಿತ್ತು. "ಸಾಹೇಬ್ರ, ನೀವು ಮೊದಲ ಇಳದು ನೋಡಿದ್ದು ಛಲೋ ಆತ್ರಿ" ಎಂದ. ಮೆಹೆರಾಜ ಸುಮೇಧನ ಕಡೆ ನೋಡಲಿಲ್ಲ, ಗಾಡಿಯ ಧೂಳು ಒರೆಸುತ್ತಿದ್ದಳು. ಸುಮ್ಮನಿದ್ದಿದ್ದರೆ ಅವಳೂ ಸುಮ್ಮನಿರುತ್ತಿದ್ದಳು, ಅದು ಅವನಿಗೆ ತಿಳಿಯಿತು. ಆ ತಿಳಿವೇ ಅವನನ್ನು ನೂಕಿತು.

"ನಾ ಇಳಿದಿಲ್ಲ ರಸೂಲಸಾಬ್ರ. ತಿರುವಿನ್ಯಾಗ ನಿಂತು, ಕುರಿದಾರೀಲೆ ಸುತ್ತಿ ಬಂದೆ. ಸುಳ್ಳು ಹೇಳಿದೆ."

ರಸೂಲಸಾಬ ಹಗ್ಗ ಹಿಡಿದುಕೊಂಡೇ ನಿಂತ. ಅರ್ಥವಾಗಲು ಅವನಿಗೆ ಹೊತ್ತು ಹಿಡಿಯಿತು. ಮುಖ ಮೆಲ್ಲಗೆ ಮುಚ್ಚಿಕೊಂಡಿತು. "ನೀವು ಇಳೀಲಾರದ, ಆಕಿನ್ನ ಇಳಸಿದ್ರಿ."

"ಹೌದು."

"ಹಂಗಾರ ಈಗ ಇಳೀರಿ." ಅವನು ಪಕ್ಕಕ್ಕೆ ಸರಿದು ಗಾಡಿಗೆ ದಾರಿ ಬಿಟ್ಟ. "ಗಾಡಿ ಐತಿ, ಗುಡ್ಡ ಐತಿ. ನಾ ನಿಂತಿರತೇನಿ."

ಹೆಲ್ಮೆಟ್ ಕೈಯಲ್ಲೇ ಇತ್ತು. ಇಳಿದುಬಿಟ್ಟರೆ ಎಲ್ಲ ಒಂದೇ ಏಟಿಗೆ ತೊಳೆದುಹೋಗುತ್ತದೆ, ಬಿದ್ದರೂ ತೊಳೆದುಹೋಗುತ್ತದೆ. ಅವನು ಗಾಡಿಯವರೆಗೆ ಹೋಗಿ ಸೀಟಿನ ಮೇಲೆ ಕೈಯಿಟ್ಟ. ಕಾಲು ಎತ್ತಲು ನೋಡಿದ. ಕಾಲು ಅವನ ಮಾತು ಕೇಳಲಿಲ್ಲ. ಅಪ್ಪ ಮಗಳು ನೋಡುತ್ತಿದ್ದರು.

"ಆಗೂದಿಲ್ರಿ" ಎಂದ. "ನನ್ನ ಕೈಲೆ ಆಗೂದಿಲ್ಲ."

ರಸೂಲಸಾಬ ನೆಲಕ್ಕೆ ಉಗುಳಿದ. ಬೈದಿದ್ದರೆ ಸುಲಭವಿತ್ತು. ಗಾಡಿಯನ್ನು ತಾನೇ ಹಲಗೆಯ ಮೇಲೆ ನೂಕಿ ಏರಿಸಿದ, ಸುಮೇಧ ಕೈ ಹಚ್ಚಲು ಬಂದಾಗ ಬೇಡವೆಂದು ತಲೆಯಾಡಿಸಿದ. "ನೀವು ಹಿಂದ ಕುಂದರ್ರಿ" ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡ.

ಟೆಂಪೋ ಬಂಡಿಜಾಡಿನಲ್ಲಿ ಕುಲುಕುತ್ತ ಇಳಿಯಿತು. ಸುಮೇಧ ಕಟ್ಟಿದ ಗಾಡಿಯ ಪಕ್ಕ ಬರೀ ತಗಡಿನ ಮೇಲೆ ಕುಳಿತಿದ್ದ. ಧೂಳು ಹಿಂದಿನಿಂದ ಎದ್ದು ಅವನ ಮೇಲೇ ಬೀಳುತ್ತಿತ್ತು. ಹಗುರಾದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ರಸೂಲಸಾಬ ದಾರಿಯ ಗುಂಟ ನಾಲ್ಕು ಮಂದಿಗೆ ಹೇಳುತ್ತಾನೆ, ಹೇಳಲಿ, ಸಿದ್ದರಾಮನಿಗೂ ತಲುಪುತ್ತದೆ. ಡಾಂಬರು ರಸ್ತೆ ಮುಟ್ಟುವ ಮೊದಲು ಟೆಂಪೋ ನಿಂತಿತು. ರಸೂಲಸಾಬ ಇಳಿದು ಹಿಂದೆ ಬಂದ, ಅವನನ್ನು ನೋಡದೆ ಹಗ್ಗದ ಗಂಟು ಎಳೆದು ನೋಡಿದ.

"ಮುಂದ ಬರ್ರಿ."

"ಇರ್ಲಿ ಬಿಡ್ರಿ."

"ಆಕಿ ಕರಿ ಅಂದ್ಲು, ಕರ್ಯಾಕತ್ತೇನಿ. ನಾ ಆಗಿದ್ರ ಕರೀತಿದ್ದಿಲ್ಲ."

ಮೆಹೆರಾಜ ನಡುವೆ ಸರಿದು ಜಾಗ ಮಾಡಿದಳು. ಅವನು ಬಾಗಿಲಿಗೆ ಅಂಟಿ ಕುಳಿತ. ರಸೂಲಸಾಬ ಸಿಟ್ಟಿನಲ್ಲಿ ಜೋರಾಗಿ ಹೊಡೆಯುತ್ತಿದ್ದ. ಇಳಿಜಾರಿನ ತಿರುವೊಂದರಲ್ಲಿ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಕಾಣಿಸಿದಾಗ ಸುಮೇಧನ ಬಲಗಾಲು, ಅಲ್ಲಿಲ್ಲದ ಬ್ರೇಕನ್ನು, ಬೆರಳುಗಳು ಬೂಟಿನೊಳಗೆ ಮಡಚಿಕೊಳ್ಳುವಷ್ಟು ಬಲವಾಗಿ ಒತ್ತಿತು. ನಾಚಿ ಅವನು ಕೆಳಗೆ ನೋಡಿದ. ಅವನ ಕಾಲಿನಿಂದ ತುಸು ಆಚೆ, ಧೂಳು ಮೆತ್ತಿದ ಬೂಟಿನಲ್ಲಿ, ಮೆಹೆರಾಜಳ ಬಲಗಾಲೂ ಬರಿಯ ತಗಡನ್ನು ಒತ್ತಿ ಹಿಡಿದಿತ್ತು.